ಎಸೆದದ್ದು ನಮ್ಮ ತಾತನೇ!

ಹೆಣ್ಣುಕೂಸನ್ನು ಬೀದಿಗೆ ಎಸೆದದ್ದು ಯಾರ ತಾತ?

ಈ ಒಂದು ಪ್ರಶ್ನೆಗಾಗಿ ಹೋದ ವರ್ಷ ನಮ್ಮೂರಿನ ತಾಲ್ಲೂಕು ಕಚೇರಿಯಲ್ಲಿ ಇಬ್ಬರು ಗಂಡಸರು ಕತ್ತಿನಪಟ್ಟಿ ಹಿಡಿದುಕೊಳ್ಳುವುದೊಂದು ಬಾಕಿ ಇತ್ತು. ಇಬ್ಬರೂ ಮರ್ಯಾದಸ್ಥರು. ಒಬ್ಬರ ಹೆಗಲ ಮೇಲೆ ಜರಿಶಲ್ಯ, ಇನ್ನೊಬ್ಬರ ಬೆರಳಲ್ಲಿ ನವರತ್ನದ ಉಂಗುರ. ‘ನಮ್ಮ ತಾತ ಅಂಥವರಲ್ಲ’ ಎಂದು ವಾದಿಸುತ್ತಿದ್ದರು ಅಂದುಕೊಂಡಿರಾ? ಅಲ್ಲ ಸ್ವಾಮಿ. ‘ಎಸೆದದ್ದು ನಮ್ಮ ತಾತನೇ, ನಿಮ್ಮ ತಾತ ಅಲ್ಲ’ ಎಂದು!

ನಾನು ಅಲ್ಲೇ ಗೋಡೆಗೊರಗಿ ನಿಂತಿದ್ದೆ. ಕಣ್ಣಾರೆ ಕಂಡೆ. ಇಲ್ಲದಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಸಿದ್ಧಾರ್ಥನಗರದಲ್ಲಿ ನಮ್ಮದೇ ರಸ್ತೆಯಲ್ಲಿ ಸುಶೀಲಾ ಮೇಡಂ ಮನೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತರಾದವರು. ನನಗೂ ಟೀಚರೇ. ಬಿಳಿ ಸೀರೆ, ಬಿಳಿ ಕ್ಯಾನ್ವಾಸ್ ಶೂ, ತಾಳಿ ಇರಬೇಕಾದ ಜಾಗದಲ್ಲಿ ವಿಷಲ್. (ಮೈಸೂರಿನ ಅರ್ಧ ಹೆಂಗಸರ ಬೆನ್ನು ಇನ್ನೂ ನೆಟ್ಟಗಿದ್ದರೆ ಅದಕ್ಕೆ ಅವರೇ ಕಾರಣ. ಉಳಿದರ್ಧ, ನನ್ನ ಹಾಗೆ, ಹೊಟ್ಟೆನೋವು ಅಂತ ಹೇಳಿ ಮರದಡಿ ಕೂತವರು.)

ಮೇಡಂಗೆ ಹೆತ್ತವರು ಯಾರೆಂದು ಗೊತ್ತಿರಲಿಲ್ಲ. ಅದನ್ನವರು ಯಾವತ್ತೂ ಮುಚ್ಚಿಡಲಿಲ್ಲ. ಹೊಕ್ಕುಳಬಳ್ಳಿ ಇನ್ನೂ ಬಿದ್ದಿರದ ಕೂಸನ್ನು ಯಾರೋ ಹಳೇ ಸೀರೆಯಲ್ಲಿ ಸುತ್ತಿ ಒಂದು ಅನಾಥಾಲಯದ ಜಗಲಿಯ ಮೇಲೆ ಮಲಗಿಸಿ ಹೋಗಿದ್ದರು. ಸ್ಕೂಲಿಗೆ ಸೇರಿಸುವಾಗ ಇನಿಷಿಯಲ್ ಬೇಕಲ್ಲ? ಅಲ್ಲಿನ ವಾರ್ಡನ್ನಮ್ಮ ‘ಎಂ’ ಎಂದು ಬರೆಸಿದರಂತೆ. ಎಂ ಅಂದರೆ ಮೈಸೂರು. ಅಪ್ಪ ಇಲ್ಲದವಳಿಗೆ ಊರೇ ಅಪ್ಪ.

ಆ ಮನೆಯಲ್ಲಿ ಇನ್ನೊಬ್ಬರಿದ್ದರು, ಲಲಿತಮ್ಮ. ಅದೇ ಅನಾಥಾಲಯದಲ್ಲಿ ಬೆಳೆದವರು. ಮೇಡಂಗಿಂತ ಸ್ವಲ್ಪ ಚಿಕ್ಕವರು. ಮನೆಯಲ್ಲೇ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದರು. ಮೇಡಂ ಮಾತಾಡಿದರೆ ಕಮ್ಯಾಂಡ್, ಲಲಿತಮ್ಮ ಮಾತಾಡಿದರೆ ಹರಟೆ. ಮೇಡಂಗೆ ಕೆಲಸ ಸಿಕ್ಕಿದ ದಿನವೇ ‘ಬಾರೇ, ಹೋಗೋಣ’ ಎಂದು ಇವರ ಕೈಹಿಡಿದು ಹೊರಟವರು ಆಮೇಲೆ ಬಿಡಲೇ ಇಲ್ಲ. ಬೀದಿಯವರ ಲೆಕ್ಕದಲ್ಲಿ ಅವರು ಅಕ್ಕ ತಂಗಿ. ಅವರ ಲೆಕ್ಕದಲ್ಲೂ ಅಷ್ಟೇ.

ಆದರೆ ಈ ಊರಲ್ಲಿ ಮನೆ ಹುಡುಕುವುದು ಸುಲಭವೇ? ಕುಂಬಾರಕೊಪ್ಪಲಿನಲ್ಲಿ ಒಂದು ಮನೆ ಇಷ್ಟವಾಗಿ, ಹಾಲು ಉಕ್ಕಿಸುವ ದಿನವೂ ಗೊತ್ತಾಗಿತ್ತಂತೆ. ಕಡೇ ಗಳಿಗೆಯಲ್ಲಿ ಮಾಲೀಕರ ಹೆಂಡತಿ ಕೇಳಿದರು: ‘ನೀವು ಯಾವ ಜನ?’ ಮೇಡಂ ನಿಜ ಹೇಳಿದರು. ಮನೆ ಕೈತಪ್ಪಿತು. ಆಮೇಲೆ ಒಬ್ಬ ಡ್ರಾಯಿಂಗ್ ಮಾಸ್ತರು ಮೇಡಂನ ಮದುವೆಯಾಗಲು ಮುಂದೆ ಬಂದರು. ಅವರ ತಾಯಿಯದೂ ಅದೇ ಪ್ರಶ್ನೆ. ಮಾಸ್ತರು ಹಿಂದೆ ಹೋದರು.

ಹಾಗಾಗಿ ಮೇಡಂ ಸಾಲ ಮಾಡಿ ಸ್ವಂತ ಮನೆಯನ್ನೇ ಕೊಂಡರು. ಆಗ ಸಿದ್ಧಾರ್ಥನಗರ ಊರಾಚೆ. ಈಗ ಅಲ್ಲಿ ಒಂದು ಚಪ್ಪಲಿ ಬಿಡುವಷ್ಟು ಜಾಗ ಸಿಕ್ಕರೂ ಜನ ರಿಜಿಸ್ಟ್ರೇಷನ್ ಮಾಡಿಸಿಕೊಳ್ಳುತ್ತಾರೆ.

ಒಂದು ಬೆಳಿಗ್ಗೆ ಮೇಡಂ ವಾಕಿಂಗ್ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಬಿಚ್ಚುತ್ತಿದ್ದರು. ಲಲಿತಮ್ಮ ಕಾಫಿ ತಂದರು. ಮೇಡಂ ತಲೆ ಎತ್ತಲಿಲ್ಲ. ಒಂದು ಲೇಸ್ ಹಾಗೇ ಉಳಿಯಿತು.

ಸ್ಮಶಾನದಲ್ಲಿ ಪುರೋಹಿತರು ‘ಗೋತ್ರ?’ ಅಂದರು. ಲಲಿತಮ್ಮ ಅಳುತ್ತಲೇ, ‘ಗೋತ್ರ ಇಲ್ಲ ಸ್ವಾಮಿ, ಪಿ.ಟಿ. ಮೇಡಂ’ ಅಂದರು. ಕೊಳ್ಳಿ ಇಟ್ಟವರೂ ಅವರೇ. ಹಳೇ ವಿದ್ಯಾರ್ಥಿನಿಯರು ತುಂಬ ಜನ ಬಂದಿದ್ದರು. ಯಾರೂ ಹೇಳಲಿಲ್ಲ, ಆದರೆ ಎಲ್ಲರೂ ಸಾಲಾಗಿ ನಿಂತರು. ಎತ್ತರದ ಪ್ರಕಾರ. ಮೊಮ್ಮಕ್ಕಳಿರುವ ಹೆಂಗಸರು! ನಂಟರು ಅನ್ನುವವರು ಮಾತ್ರ ಒಬ್ಬರೂ ಇರಲಿಲ್ಲ. ಎಲ್ಲಿಂದ ಬರಬೇಕು?

ತಿಥಿ ಮುಗಿದ ಮೇಲೆ ಲಲಿತಮ್ಮ ನಮ್ಮ ಮನೆಗೆ ಬಂದರು. ‘ಕಂದಾಯಕ್ಕೆ ನನ್ನ ಹೆಸರು ಹಾಕಿಸ್ಬೇಕಲ್ಲ ಕಣಮ್ಮ, ಎಂಗೆ ಮಾಡದು?’

‘ಮೇಡಂ ವಿಲ್ ಬರೆದಿದ್ದಾರಾ?’

‘ವಿಲ್ಲಾ? ಒಂದ್ಸಾರಿ ನಾನೇ ಕೇಳ್ದೆ. ತಂಗಿಗೆ ಕೊಡಕ್ಕೆ ಕಾಗದ ಯಾಕೇ, ಸುಮ್ನಿರು ಅಂದ್ಬುಟ್ಟಳು.’

ಇಲ್ಲಿಗೆ ನಮ್ಮ ಪಿ.ಟಿ. ಮೇಡಂ ಬದುಕಿನಲ್ಲಿ ಮೊದಲ ಬಾರಿಗೆ ಫೌಲ್ ಮಾಡಿದ್ದು ಗೊತ್ತಾಯಿತು.

ವಕೀಲರನ್ನು ಕೇಳಿದೆವು. ಕಾನೂನು ಬಹಳ ಸರಳ. ಸತ್ತವರಿಗೆ ಗಂಡ, ಮಕ್ಕಳು, ಅಣ್ಣತಮ್ಮ, ದೂರದ ದಾಯಾದಿ, ಯಾರಾದರೂ ಸರಿ, ರಕ್ತ ಇದ್ದರೆ ಸಾಕು. ಮುಖ ನೋಡಿರಬೇಕಿಲ್ಲ. ಜ್ವರ ಬಂದಾಗ ಗಂಜಿ ಕೊಟ್ಟಿರಬೇಕಿಲ್ಲ. ಯಾರೂ ಇಲ್ಲದಿದ್ದರೆ ಆಸ್ತಿ ಸರ್ಕಾರಕ್ಕೆ. ಜೀವನವಿಡೀ ಒಂದೇ ಒಲೆಯಲ್ಲಿ ಅನ್ನ ಬೇಯಿಸಿಕೊಂಡ ಲಲಿತಮ್ಮ? ‘ಹೊರಗಿನವರು’ ಅಂದರು ವಕೀಲರು. ಪಾಪ, ಅವರಿಗೂ ಬೇಜಾರಾಯಿತು. ಫೀಸ್ ಮಾತ್ರ ತೆಗೆದುಕೊಂಡರು.

ತಹಸೀಲ್ದಾರರ ಕಚೇರಿಯಿಂದ ಪೇಪರಿನಲ್ಲಿ ಪ್ರಕಟಣೆ ಬಂತು. ‘ಎಂ. ಸುಶೀಲಾ, ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ವಾರಸುದಾರರಿಲ್ಲದೆ ಮೃತರಾಗಿದ್ದು, ಹಕ್ಕುಳ್ಳವರು ಹಾಜರಾಗತಕ್ಕದ್ದು.’

ನೋಡಿ, ಮೇಡಂ ಬದುಕಿದ್ದಾಗ ಹುಡುಕಿಕೊಂಡು ಬಾರದ ಬಂಧುಗಳು ಪೇಪರ್ ಓದಿಕೊಂಡು ಬಂದರು. ಈ ದೇಶದಲ್ಲಿ ಓದುವ ಹವ್ಯಾಸ ಕಡಿಮೆಯಾಗಿದೆ ಅನ್ನುವವರು ಯಾರು?

ಮೊದಲು ಬಂದವರು ಪುಟ್ಟರಾಜು. ಬೋಗಾದಿಯಲ್ಲಿ ಸಾಲು ಸಾಲು ಪಿ.ಜಿ. ಕಟ್ಟಿಸಿ, ಒಂದೊಂದು ರೂಮಿಗೆ ನಾಲ್ಕು ಮಂಚ ತುರುಕುವ ಕಂಟ್ರಾಕ್ಟರ್. ಮೇಡಂ ಫೋಟೋಗೆ ಕೈಮುಗಿದರು, ‘ಅತ್ತೇ’ ಅಂದರು, ಕಣ್ಣೊರೆಸಿಕೊಂಡರು, ಆಮೇಲೆ ಜೇಬಿನಿಂದ ಟೇಪು ತೆಗೆದು ಹಿತ್ತಲು ಅಳೆದರು. ‘ಗ್ರೌಂಡ್ ಪ್ಲಸ್ ತ್ರೀ ಆರಾಮಾಗಿ ಬತ್ತದೆ ಕಣ್ರೀ’ ಎಂದು ನನಗೇ ಹೇಳಿದರು. ಎಂ ಅಂದರೆ ಮರೀಗೌಡರಂತೆ. ಇವರ ತಾತ.

ಮಾರನೇ ವಾರ ಶ್ರೀನಿವಾಸಮೂರ್ತಿಗಳು ಬಂದರು. ನಿವೃತ್ತ ಲೆಕ್ಚರರ್. ವಂಶದವರೆಲ್ಲ ಅರಮನೆಯಲ್ಲಿ ಪಂಚಾಂಗ ಓದಿದವರಂತೆ. ಮನೆಯ ಒಳಗೆ ಕಾಲಿಡುವ ಮೊದಲು ‘ವಾಸ್ತು ಪರವಾಗಿಲ್ಲ’ ಅಂದರು. ಎಂ ಅಂದರೆ ಮಾಧವರಾಯರಂತೆ. ಇವರ ತಾತ. ಮೇಡಂ ನಡೆ, ನುಡಿ, ಬಿಳಿ ಸೀರೆ ಎಲ್ಲದರಲ್ಲೂ ತಮ್ಮ ವಂಶದ ಸಂಸ್ಕಾರ ಎದ್ದು ಕಾಣುತ್ತದಂತೆ. (ಮೇಡಂ ಭಾನುವಾರ ಬಂದರೆ ತಪ್ಪದೆ ಮಟನ್ ಸಾರು ಮಾಡಿಸುತ್ತಿದ್ದರು. ನಾನು ಹೇಳಲಿಲ್ಲ. ಸಂಸ್ಕಾರ ಕೆಡಿಸುವುದು ಬೇಡ ಅಂತ.)

ಇಬ್ಬರೂ ವಂಶವೃಕ್ಷ ಮಾಡಿಸಿ ತಂದಿದ್ದರು. ಎರಡರಲ್ಲೂ ಒಂದೊಂದು ಕೊಂಬೆ ಹೊಸದಾಗಿ ಕಸಿ ಕಟ್ಟಿದ್ದು.

ವಿಚಾರಣೆಯ ದಿನ ಲಲಿತಮ್ಮನ ಜೊತೆ ನಾನೂ ಹೋದೆ. ತಹಸೀಲ್ದಾರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ನಗುವುದಿಲ್ಲ, ಗದರುವುದೂ ಇಲ್ಲ. ಮೊದಲು ಪುಟ್ಟರಾಜುವನ್ನು ಕರೆದರು.

‘ಮೃತರು ನಿಮಗೆ ಏನಾಗಬೇಕು?’

‘ನಮ್ಮಪ್ಪನ ತಂಗಿ ಮೇಡಂ. ಚಿಕ್ಕೋರಿದ್ದಾಗ ಕಳೆದೋಗ್ಬುಟ್ಟಿದ್ರು.’

‘ಅನಾಥಾಲಯಕ್ಕೆ ಬಂದಾಗ ಹಸುಗೂಸು. ಹಸುಗೂಸು ಎದ್ದು ನಡೆದು ಹೋಗಿ ಕಳೆದುಹೋಗುತ್ತಾ?’

ಪುಟ್ಟರಾಜು ತಮ್ಮ ಲಾಯರ್ ಮುಖ ನೋಡಿದರು. ಲಾಯರ್ ಫ್ಯಾನ್ ನೋಡಿದರು.

‘ಅಂಗಾರೆ... ಯಾರಾದ್ರೂ ಬುಟ್ಬಂದಿರ್ಬೇಕು ಮೇಡಂ.’

‘ಯಾರು?’

ಒಂದು ಕಡೆ ಸತ್ತುಹೋದ ತಾತನ ಮಾನ. ಇನ್ನೊಂದು ಕಡೆ ಗ್ರೌಂಡ್ ಪ್ಲಸ್ ತ್ರೀ. ಮನುಷ್ಯ ಏನು ಮಾಡಬೇಕು ಹೇಳಿ?

‘ನಮ್ಮ ತಾತನೇ ಮೇಡಂ’ ಅಂದರು ಪುಟ್ಟರಾಜು. ‘ಆಗ್ಲೇ ಮನೆ ತುಂಬ ಹೆಣ್ಮಕ್ಳು. ಇನ್ನೊಂದು ಹೆಣ್ಣು ಅಂದ ತಕ್ಷಣ ರೇಗೋಗಿರ್ತದೆ. ಅವರು ಬಲೇ ಮುಂಗೋಪಿ. ಎಸೆದೇ ಎಸೆದಿರ್ತಾರೆ.’

ಶ್ರೀನಿವಾಸಮೂರ್ತಿಗಳು ದಿಗ್ಗನೆ ಎದ್ದರು. ‘ಸುಳ್ಳು! ಎಸೆದದ್ದು ನಮ್ಮ ತಾತ. ಮೂಲಾ ನಕ್ಷತ್ರದಲ್ಲಿ ಹೆಣ್ಣು ಹುಟ್ಟಿತು, ಮಾವನಿಗೆ ಆಗೋದಿಲ್ಲ ಅಂತ ಜಾತಕ ನೋಡಿಯೇ ತೀರ್ಮಾನ ಮಾಡಿದ್ದು. ನಮ್ಮ ತಾತ ಏನೇ ಮಾಡಿದರೂ ಶಾಸ್ತ್ರೋಕ್ತವಾಗಿ ಮಾಡುವವರು!’

‘ಏನ್ರೀ, ನಮ್ಮ ತಾತನ್ನ ಸುಳ್ಗಾರ ಅಂತೀರಾ?’

‘ನಿಮ್ಮ ತಾತ ಎಸೆದಿದ್ದರೆ ಬೇರೆ ಮಗು ಎಸೆದಿರಬಹುದು. ಈ ಮಗು ನಮ್ಮದು!’

ತಹಸೀಲ್ದಾರ್ ಪೆನ್ನು ಕೆಳಗಿಟ್ಟರು. ‘ಇಬ್ಬರೂ ಅಫಿಡವಿಟ್ ಕೊಡಿ. ನಮ್ಮ ತಾತ ಹಸುಗೂಸನ್ನು ಅನಾಥಾಲಯದ ಜಗಲಿಯಲ್ಲಿ ಬಿಟ್ಟರು ಎಂದು ಪ್ರಮಾಣ ಮಾಡಿ, ಸಹಿ ಹಾಕಿ.’

ಈಗಲಾದರೂ ನಾಚುತ್ತಾರೆ ಅಂದುಕೊಂಡೆ. ಇಬ್ಬರೂ ಒಟ್ಟಿಗೇ ಕೇಳಿದರು: ‘ಎಷ್ಟು ಕಾಪಿ ಮೇಡಂ?’

ಕೊನೆಗೆ ಲಲಿತಮ್ಮನ ಸರದಿ.

‘ನಿಮ್ಮ ಸಂಬಂಧ?’

‘ತಂಗಿ.’

‘ಒಡಹುಟ್ಟಿದ ತಂಗೀನಾ?’

‘ಒಡಹುಟ್ಟಿದ್ದಲ್ಲ ತಾಯಿ. ಅವಳು ದೊಡ್ಡೋಳಾಗಿ ಬುಟ್ಟ ತೊಟ್ಟಿಲಿಗೇ ನನ್ನ ಹಾಕಿದ್ರು. ನಾನು ಅತ್ರೆ ಅವಳೇ ತೂಗೋಳಂತೆ. ಇನ್ನೇನು ಬೇಕು?’

ತಹಸೀಲ್ದಾರ್ ಫೈಲು ಮುಚ್ಚಿದರು. ‘ಅಮ್ಮ, ಕಾನೂನಿನಲ್ಲಿ ತೊಟ್ಟಿಲು ಬರೋದಿಲ್ಲ’ ಅಂದರು.

ಹೊರಗೆ ಬಂದು ಲಲಿತಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. ನಾನು ನೀರು ಕೊಟ್ಟೆ. ಅಳುತ್ತಾರೆ ಅಂದುಕೊಂಡರೆ ನಕ್ಕರು. ‘ಕುಲ ಗೊತ್ತಿಲ್ಲ ಅಂತ ಬಾಡಿಗೆಗೆ ಒಂದು ಮನೆ ಕೊಡ್ಲಿಲ್ಲ ಕಣಮ್ಮ ಅವಳಿಗೆ. ಕಟ್ಕೊಳಕ್ಕೆ ಒಬ್ಬ ಗಂಡು ಸಿಗ್ಲಿಲ್ಲ. ಈಗ ನೋಡು, ಎರಡೆರಡು ಕುಲ. ಇದ್ದಿದ್ರೆ ವಿಷಲ್ ಊದಿ ಇಬ್ಬರನ್ನೂ ಗ್ರೌಂಡ್ ಸುತ್ತ ಓಡಿಸೋಳು.’ ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಅತ್ತರು. ‘ನಂಗೆ ಮನೆ ಬ್ಯಾಡ. ಇರಕ್ಕೆ ಬುಟ್ರೆ ಸಾಕು. ಈ ವಯಸ್ಸಲ್ಲಿ ಮಿಷಿನ್ ಹೊತ್ಕೊಂಡು ಎಲ್ಲಿಗೆ ಹೋಗ್ಲಿ?’

ಈ ಪ್ರಶ್ನೆಯನ್ನು ನಮ್ಮ ಬಡಾವಣೆಯ ಸಂಘವೂ ಚರ್ಚಿಸಿತು. ಮೀಟಿಂಗ್ ಕರೆದರು, ಬೋಂಡ ತರಿಸಿದರು. ಮೇಡಂ ನೆನಪಿಗಾಗಿ ಆ ಮನೆಯನ್ನು ಸರ್ಕಾರದಿಂದ ಪಡೆದು ಸೀನಿಯರ್ ಸಿಟಿಜನ್ ಕ್ಲಬ್ ಮಾಡಬೇಕೆಂದು ಒಮ್ಮತದಿಂದ ನಿರ್ಣಯವಾಯಿತು. ‘ಅಲ್ಲಿ ಈಗ ಒಬ್ಬರು ಸೀನಿಯರ್ ಸಿಟಿಜನ್ ಇದ್ದಾರಲ್ಲ?’ ಅಂದೆ. ಅಧ್ಯಕ್ಷರು ವಂದನಾರ್ಪಣೆ ಮಾಡಿಬಿಟ್ಟರು.

ಆದೇಶ ಬಂತು. ಇಬ್ಬರ ಹಕ್ಕೂ ಸಾಬೀತಾಗಿಲ್ಲ, ಆಸ್ತಿ ಸರ್ಕಾರದ್ದು. ಆದರೆ ಸ್ವಾಧೀನದ ಪ್ರಕ್ರಿಯೆ ಮುಗಿಯುವವರೆಗೆ ಮನೆಯನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ? ಬೀಗ ಹಾಕಿದರೆ ಗೆದ್ದಲು, ಕಳ್ಳರು, ಮೇಲಾಗಿ ಪುಟ್ಟರಾಜು. ತಹಸೀಲ್ದಾರ್ ಅದನ್ನು ಲಲಿತಮ್ಮನ ಜಿಮ್ಮಾಕ್ಕೆ ಕೊಟ್ಟರು. ಅಂದರೆ ಮನೆ ಅವರದಲ್ಲ, ಮನೆಯ ಕಾವಲು ಅವರದು. ಕಾನೂನಿನಲ್ಲಿ ತೊಟ್ಟಿಲು ಇಲ್ಲ ಅಂದವರೇ ಅಷ್ಟು ಜಾಗ ಹುಡುಕಿ ಕೊಟ್ಟಿದ್ದರು. ಲಲಿತಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಮೇಡಂ ಕಲಿಸಿದ ಕೈಬರಹದಲ್ಲಿ ದುಂಡಗೆ ಸಹಿ ಹಾಕಿದರು.

ಸರ್ಕಾರ ಎಷ್ಟು ದಿನ ತಡ ಮಾಡೀತು ಎಂದು ನಾವು ಕೈಕೈ ಹಿಸುಕಿಕೊಳ್ಳುತ್ತಿರುವಾಗಲೇ ಪುಟ್ಟರಾಜು ಸಿವಿಲ್ ಕೋರ್ಟಿಗೆ ಹೋದರು. ಅವರು ಹೋದ ಮೇಲೆ ಶ್ರೀನಿವಾಸಮೂರ್ತಿಗಳು ಬಿಟ್ಟಾರೆಯೇ? ಅವರೂ ಹೋದರು. ಕೋರ್ಟು ಫೈಲು ನೋಡಿ, ದಾವೆ ಇತ್ಯರ್ಥವಾಗುವ ತನಕ ಯಥಾಸ್ಥಿತಿ ಕಾಪಾಡಿ ಅಂದಿತು.

ಯಥಾಸ್ಥಿತಿ! ಎಂಥ ಸುಂದರ ಪದ! ಅಂದರೆ ಲಲಿತಮ್ಮ ಅಲ್ಲೇ ಇರುತ್ತಾರೆ, ಹೊಲಿಗೆ ಮಿಷಿನ್ ಅಲ್ಲೇ ಓಡುತ್ತದೆ, ಸರ್ಕಾರವೂ ಬರುವಂತಿಲ್ಲ, ಟೇಪೂ ಬರುವಂತಿಲ್ಲ. ಇವರಿಬ್ಬರು ಬಡಿದಾಡುವಷ್ಟು ದಿನವೂ ಆಕೆಗೆ ಸೂರು.

ಕಳೆದ ವಾರ ಮತ್ತೆ ವಾಯಿದೆ ಇತ್ತು. ಲಲಿತಮ್ಮನ ಜೊತೆ ನಾನೂ ಹೋಗಿದ್ದೆ. ವಕೀಲರು ಬರಲಿಲ್ಲ, ಮುಂದಕ್ಕೆ ಹೋಯಿತು. ಕೋರ್ಟಿನ ಹೊರಗೆ ಹೊಂಗೆಮರದ ಕೆಳಗೆ ಶ್ರೀನಿವಾಸಮೂರ್ತಿಗಳು ಬೆವರು ಒರೆಸಿಕೊಳ್ಳುತ್ತಾ, ‘ಸಾಕಾಗಿದೆ ಕಣ್ರೀ. ಮಂಡಿ ನೋವು. ಕೇಸು ವಾಪಸ್ ತಗೊಂಡುಬಿಡೋಣ ಅಂತಿದೀನಿ’ ಅಂದರು. ಪಕ್ಕದಲ್ಲೇ ಇದ್ದ ಪುಟ್ಟರಾಜು, ‘ನೀವು ತಗೊಂಡ್ರೆ ನಾನೂ ಬುಟ್ಬುಡ್ತೀನಿ ಸಾರ್, ನನಗೂ ಬೋಗಾದೀಲಿ ಬೇಕಾದಷ್ಟು ಕೆಲ್ಸ ಐತೆ’ ಅಂದರು.

ಲಲಿತಮ್ಮನ ಮುಖ ಬಿಳಿಚಿತು. ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದರು. ಕೋಡುಬಳೆ. ಇಬ್ಬರ ಕೈಗೂ ಹಾಕಿದರು.

‘ಅಂಗೆಲ್ಲ ಬುಟ್ಬುಡಬ್ಯಾಡಿ ಕಣ್ರಪ್ಪ. ಜನ ಏನಂದಾರು? ಎಸೆದದ್ದು ನಿಮ್ಮ ತಾತ ಅಲ್ಲ ಅಂತ ಆಗೋಗದಿಲ್ವಾ? ಹೈಕೋರ್ಟ್ ಐತೆ, ಡೆಲ್ಲಿ ಐತೆ. ತಿನ್ನಿ, ತಿನ್ನಿ, ಇನ್ನೂ ಐತೆ.’

ಇಬ್ಬರೂ ಕೋಡುಬಳೆ ಕಡಿಯುತ್ತಾ ಒಬ್ಬರನ್ನೊಬ್ಬರು ನೋಡಿದರು. ಅವರ ಕಣ್ಣಲ್ಲಿ ಮತ್ತೆ ಸಣ್ಣಗೆ ಕಿಡಿ ಹೊತ್ತಿಕೊಂಡದ್ದನ್ನು ನಾನು ಕಂಡೆ. ಮೂರ್ತಿಗಳು ಶಲ್ಯ ಕೊಡವಿ ಸರಿಯಾಗಿ ಹೊದ್ದುಕೊಂಡರು. ಪುಟ್ಟರಾಜು ಲಾಯರಿಗೆ ಫೋನ್ ಹಾಕಿದರು.

ಅಲ್ಲಿಂದ ಬರುತ್ತಾ ಬಸ್ಸಿನ ಕಿಟಕಿಯಿಂದ ಬೆಟ್ಟ ಕಾಣಿಸಿತು. ಕೂತಲ್ಲೇ ಕೈಮುಗಿದೆ: ತಾಯಿ, ಇಬ್ಬರಿಗೂ ಆಯುಸ್ಸು ಕೊಡು, ಬುದ್ಧಿ ಮಾತ್ರ ಕೊಡಬೇಡ.