ಹಬ್ಬಲೊಲ್ಲದ ಚವಳಿ

ಮುಂಬೈನ ಜೋಗೇಶ್ವರಿಯಲ್ಲಿ ನಮ್ಮ ಬಿಲ್ಡಿಂಗ್ ಪಕ್ಕ ಹೊಸ ಕಟ್ಟಡ ಏಳುತ್ತಿದ್ದಾಗ, ಅಲ್ಲಿ ಇಟ್ಟಿಗೆ ಹೊರುತ್ತಿದ್ದ ವಿಜಯಪುರದ ಕಡೆಯ ಹೆಂಗಸೊಬ್ಬಳು ಪರಿಚಯವಾದಳು. ನಾನು ಮೈಸೂರಿನವಳು, ಬೀದಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನಿಂತುಬಿಡುತ್ತೇನೆ. ಗಣಪತಿ ಮುಳುಗಿದ ವಾರ ಅವಳು ಬೂದಿ ಬೆರೆಸಿದ ಬೀಜದ ಗಂಟೊಂದನ್ನು ತಂದು ನನ್ನ ಕೈಗಿಟ್ಟಳು.

"ಅಕ್ಕಾರ, ಚವಳಿಕಾಯಿ ಬೀಜ. ನಮ್ಮವ್ವ ಕೊಟ್ಟದ್ದು. ಊರಾಗ ಈಗ ಎಲ್ಲಾರೂ ಪಾಕೀಟಿನ ಬೀಜ ತರ್ತಾರ, ಇವು ಎಲ್ಲೂ ಉಳಿದಿಲ್ಲ. ಇಲ್ಲಿ ಕೆಲಸ ಮುಗೀತು, ಹೋದಲ್ಲಿ ಮಣ್ಣ ಇರ್ತೈತೋ ಇಲ್ಲೋ. ನಿಮ್ಮ ಟೆರೇಸಿನಾಗ ಹಾಕ್ರಿ. ಸಂಕ್ರಾಂತಿಗೆ ಬರ್ತೀನಿ. ಅರ್ಧ ಬೀಜ ನನಗ, ಅರ್ಧ ನಿಮಗ."

ಚವಳಿ ನನಗೆ ಗೊತ್ತಿಲ್ಲವೇ! ದಾದರ್ ಮಾರ್ಕೆಟ್ಟಿನ ಮರಾಠಿ ಹೆಂಗಸರ ಬಳಿ ವರ್ಷಗಳಿಂದ ಚವಳಿ ಕೊಳ್ಳುತ್ತಿದ್ದೇನೆ. ನಮ್ಮ ಅಲಸಂದೆಯೇ ಅದು. ಈ ಬೀಜ ಸಣ್ಣದಾಗಿ ಕಂಡಿತು, ನಾಟಿ ತಳಿ ಹೀಗೇ ಇರಬಹುದು ಅಂದುಕೊಂಡೆ. ಅಷ್ಟನ್ನೂ ಕುಂಡಗಳಲ್ಲಿ ಬಿತ್ತಿ, ಬಳ್ಳಿ ಹಬ್ಬಲೆಂದು ದಾರ ಕಟ್ಟಿದೆ.

ಗಿಡ ದಾರದ ಕಡೆ ತಿರುಗಿಯೂ ನೋಡಲಿಲ್ಲ. ಸೆಟೆದುಕೊಂಡು ನೆಟ್ಟಗೆ ನಿಂತಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ನೋಡುವುದೇ ನನ್ನ ಕೆಲಸವಾಯಿತು. ಯಾಕೆ ಹಬ್ಬುತ್ತಿಲ್ಲ? ಬಿಸಿಲು ಸಾಲದೇ? ಎಲೆಯ ಅಂಚು ಯಾಕೆ ಹಲ್ಲುಹಲ್ಲಾಗಿದೆ? ಕೊನೆಗೆ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟಾಗ ನಗು ಬಂತು. ಅಯ್ಯೋ, ಇದು ಗೋರಿಕಾಯಿ! ಪಾಪ, ಗಡಿಬಿಡಿಯಲ್ಲಿ ಬೇರೆ ಗಂಟು ಕೊಟ್ಟುಬಿಟ್ಟಿದ್ದಾಳೆ. ಗೋರಿಕಾಯಿ ಬೀಜ ಎಲ್ಲಾದರೂ ಸಿಕ್ಕೀತು ಅಂದುಕೊಂಡು ಎಳೆಯದಾಗಿರುವಾಗಲೇ ಕಿತ್ತು ಪಲ್ಯ ಮಾಡಿದೆ. ಮಾರ್ಕೆಟ್ಟಿನದಕ್ಕಿಲ್ಲದ ಸಣ್ಣ ಕಹಿ, ಎಂಥಾ ರುಚಿ ಅಂತೀರಿ! ಬಿಟ್ಟಂತೆಲ್ಲ ಕಿತ್ತೆ, ಅಕ್ಕಪಕ್ಕದ ಮನೆಗೂ ಹಂಚಿದೆ.

ಸಂಕ್ರಾಂತಿಯ ಮಧ್ಯಾಹ್ನ ಅವಳು ಬಂದಳು, ಎರಡು ಲೋಕಲ್ ಬದಲಿಸಿ.

"ಚವಳಿ ಬರಲೇ ಇಲ್ಲಮ್ಮ. ನೀನು ಕೊಟ್ಟಿದ್ದು ಗೋರಿಕಾಯಿ," ಅಂದೆ.

"ಗೋರಿಕಾಯಿ ಅಂದ್ರ?"

ಟೆರೇಸಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದೆ. ಅವಳ ಮುಖ ಇಳಿಯಿತು. "ಇದೇ ಚವಳಿಕಾಯಿರೀ ಅಕ್ಕಾರ. ನಮ್ಮ ಕಡೆ ಇದಕ್ಕ ಚವಳಿಕಾಯಿ ಅಂತಾರ."

ಕನ್ನಡದವಳ ಮಾತನ್ನು ಮರಾಠಿಯಲ್ಲಿ ಕೇಳಿಸಿಕೊಂಡು, ಅವಳ ತಾಯಿಯ ಬೀಜವನ್ನೆಲ್ಲ ಒಗ್ಗರಣೆ ಹಾಕಿ ತಿಂದಿದ್ದೆ. ಅವಳು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಗಿಡದ ಬುಡ ತಡಕಿದಳು. ನನ್ನ ಕಣ್ಣು ತಪ್ಪಿಸಿ ಬಲಿತು ಒಣಗಿದ್ದ ಮೂರು ಕಾಯಿ ಸಿಕ್ಕವು. ಅಂಗೈಯಲ್ಲಿ ಒಡೆದಳು. ಒಂದು ಚಿಟಿಕೆಯಷ್ಟು ಬೀಜ.

ಅದರಲ್ಲೂ ಅರ್ಧ ಬೇರೆ ಮಾಡಿ ನನ್ನ ಕಡೆ ಚಾಚಿದಳು.

"ಬೇಡಮ್ಮ, ಎಲ್ಲ ನೀನೇ ಇಟ್ಟುಕೋ," ಅಂದೆ.

"ಒಬ್ಬಾಕಿ ಕಡೆ ಇದ್ರ ಕಳೀತಾವ್ರೀ," ಅಂದಳು. "ತಗೋರಿ. ಈ ಸಲ ಮಾತ್ರ ತಿನ್ನಬ್ಯಾಡ್ರಿ."