ಗಾಲಿಯ ಮನೆ ಸೋರಿದ್ದು

ಮದುವೆಯಾದ ಮೊದಲ ಮಳೆಗಾಲ ನಾನಿದ್ದದ್ದು ಗಾಲಿಗಳ ಮೇಲಿನ ಮನೆಯಲ್ಲಿ. ಹೀಗೆಂದರೆ ಮೊಮ್ಮಕ್ಕಳು, ಅಜ್ಜಿ ಸರ್ಕಸ್ಸಿನಲ್ಲಿದ್ದರಾ ಎಂದು ನಗುತ್ತಾರೆ. ನಗಲಿ. ಅದು ಹಾಸನದಿಂದ ಮಂಗಳೂರಿಗೆ ರೈಲುದಾರಿ ಮಾಡುತ್ತಿದ್ದ ಕಾಲ. ನಮ್ಮವರು ಒಬ್ಬ ಕಂತ್ರಾಟುದಾರರ ಕೈಕೆಳಗೆ ಸೂಪರ್‌ವೈಸರ್ ಆಗಿದ್ದರು. ಗುಡ್ಡ ಕಡಿಯುವ ಕೆಲಸ ಮುಂದೆ ಹೋದ ಹಾಗೆ ಅವರೂ ಮುಂದೆ ಹೋಗಬೇಕು. ಅದಕ್ಕೆಂದು ಕಂತ್ರಾಟುದಾರರು ಯಾವುದೋ ಮಿಲಿಟರಿ ಹರಾಜಿನಲ್ಲಿ ಹಿಡಿದ ಹಳೇ ಟ್ರೈಲರೊಂದನ್ನು ಕೊಟ್ಟಿದ್ದರು. ಯುದ್ಧದ ಕಾಲದಲ್ಲಿ ಅದರೊಳಗೆ ವೈರ್‌ಲೆಸ್ ಯಂತ್ರ ಇತ್ತಂತೆ. ಹೊರಗೆ ತಗಡು, ಒಳಗೆ ಪ್ಲೈವುಡ್, ಎರಡು ಸಣ್ಣ ಕಿಟಕಿ, ಹಿಂದೆ ಒಂದು ಬಾಗಿಲು. ಜೀಪಿಗೆ ಕಟ್ಟಿದರೆ ಹಿಂದೆಯೇ ಬರುತ್ತಿತ್ತು. ಕೆಲಸದಾಳುಗಳು ಅದನ್ನು ಪೆಟ್ಟಿಗೆ ಎನ್ನುತ್ತಿದ್ದರು.

ನನಗೆ ಮಾತ್ರ ಅದು ಪೆಟ್ಟಿಗೆ ಆಗಿರಲಿಲ್ಲ. ಪುತ್ತೂರಿನ ಹತ್ತಿರ ನನ್ನ ಗಂಡನ ಮನೆ ಎಂದರೆ ಒಲೆ ಆರಿದ್ದೇ ಇಲ್ಲ. ಮೈದುನಂದಿರು, ಅತ್ತಿಗೆಯಂದಿರು, ಬಂದವರು, ಹೋದವರು. ಉಪ್ಪಿನ ಭರಣಿಯ ಮುಚ್ಚಳ ತೆಗೆಯಬೇಕಾದರೂ ಅತ್ತೆಯ ಮುಖ ನೋಡಬೇಕು. ಅತ್ತೆ ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರ ಅತ್ತೆಯೂ ಅವರನ್ನು ಹಾಗೆಯೇ ಇಟ್ಟದ್ದು. ಮದುವೆಯಾದ ಹೊಸತರಲ್ಲಿ ಸ್ವಲ್ಪ ದಿನ ಅಲ್ಲಿದ್ದು, ಆಮೇಲೆ ನೆಟ್ಟಣದ ಹತ್ತಿರದ ಕ್ಯಾಂಪಿಗೆ ಬಂದೆ. ಅಲ್ಲಿ ಸೀಮೆಎಣ್ಣೆ ಸ್ಟೌವಿನ ಮೇಲೆ ಇಬ್ಬರಿಗೆ ಬೇಕಾದಷ್ಟು ಅನ್ನ ಇಟ್ಟು, ಬಾಗಿಲು ಹಾಕಿಕೊಂಡು, ನಡು ಮಧ್ಯಾಹ್ನ ಕಾಲು ಚಾಚಿ ಮಲಗಿದೆ. ಯಾರೂ ಕರೆಯಲಿಲ್ಲ. ಆ ಸುಖವನ್ನು ನಾನು ಯಾರಲ್ಲೂ ಹೇಳಿರಲಿಲ್ಲ, ಗಂಡನಲ್ಲಿ ಬಿಟ್ಟು. ಹೇಳಬಾರದಿತ್ತು.

ನಮ್ಮ ಕಡೆ ಹೊಸ ಮದುಮಗಳು ಆಟಿ, ಎಂದರೆ ಆಷಾಢದ ತಿಂಗಳಲ್ಲಿ ತವರಿಗೆ ಹೋಗಬೇಕು. ಸುಳ್ಯದ ಹತ್ತಿರದ ನನ್ನ ತವರಿಗೆ ನಾನೂ ಹೋದೆ. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಮೇಲೆ, ಅಮ್ಮ ಕೊಟ್ಟ ಹಪ್ಪಳ, ಉಪ್ಪಿನಕಾಯಿ, ಒಂದು ಕೋಲಿಗೆ ಸುತ್ತಿದ ಹಲಸಿನ ಮೇಣ ಎಲ್ಲ ಹಿಡಿದುಕೊಂಡು ತಿರುಗಿ ಬಂದೆ. ಬಂದ ದಿನವೇ ಮಂಚದ ಮೇಲೆ ಟಪ್ ಟಪ್ ಎಂದು ನೀರು ಬಿತ್ತು. ನಾನು ತವರಿಗೆ ಹೋಗುವ ಮುಂಚೆ, ಮಿಥುನ ತಿಂಗಳ ಜಡಿಮಳೆಯಲ್ಲೇ ಒಂದು ಹನಿ ಬಿದ್ದಿರಲಿಲ್ಲ. ಹಾಸಿಗೆ ಒದ್ದೆ, ದಿಂಬು ಒದ್ದೆ, ನನ್ನ ಮದುವೆಯ ಸೀರೆಗೆ ಬೂಷ್ಟು.

ನಮ್ಮವರು ಮೇಲೆ ನೋಡಿದರು. ಸೋರುವಲ್ಲಿ ಮಲಗಿದರೆ ಶೀತವಾಗಿ ಜ್ವರ ಬರುತ್ತದೆ, ಇದು ನಿಲ್ಲದಿದ್ದರೆ ನೀನು ಪುತ್ತೂರಿನ ಮನೆಗೆ ಹೋಗಿರುವುದೇ ಒಳ್ಳೆಯದು ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ, ನನ್ನ ಮೇಲೆ ಇಷ್ಟು ಪ್ರೀತಿ ಉಂಟಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಅದೇ ಕ್ಷಣ ನಿಶ್ಚಯ ಮಾಡಿದೆ, ಈ ಸೋರುವ ಜಾಗ ಹುಡುಕದೆ ನಾನು ಬಿಡುವುದಿಲ್ಲ.

ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಸೋರುವುದೆಂದರೆ ಒಂದೇ ಲೆಕ್ಕ. ಹನಿ ಬೀಳುವಲ್ಲಿ ನಿಂತು ನೇರ ಮೇಲೆ ನೋಡುವುದು. ಬೆಳಕು ಕಂಡರೆ ಕೋಲಿನಿಂದ ಹೆಂಚು ಸರಿಸುವುದು. ನಾನೂ ಹಾಗೆಯೇ ಮಾಡಿದೆ. ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿ, ಮಂಚದ ನೇರಕ್ಕೆ ಬರುವ ತಗಡಿನ ಪ್ರತಿ ಮೊಳೆಯ ತಲೆಗೂ ಹಲಸಿನ ಮೇಣ ಕಾಯಿಸಿ ಮೆತ್ತಿದೆ. ತೂತಾದ ಕೊಡಪಾನಕ್ಕೆ ಅದನ್ನೇ ಹಚ್ಚುವುದಲ್ಲವಾ ನಮ್ಮಲ್ಲಿ? ಏಣಿ ಹಿಡಿದುಕೊಂಡವರು ನಮ್ಮವರು. ಮುಂದಿನ ಕಡೆ ಪಾಚಿ ಉಂಟು, ಜಾರೀತು, ಅತ್ತ ಹೋಗಬೇಡ ಎನ್ನುತ್ತಿದ್ದರು. ಮೇಣ ಮುಗಿದ ಮೇಲೆ ರಸ್ತೆ ಕೆಲಸದವರಿಂದ ಟಾರು ತಂದುಕೊಟ್ಟರು. ಟಾರು ಬಳಿದೆ. ಸೋರಿತು. ಟಾರಿನ ಮೇಲೆ ಗೋಣಿತಾಟು ಹಾಕಿ ಮತ್ತೆ ಬಳಿದೆ. ಮತ್ತೂ ಸೋರಿತು.

ಮಣ್ಣು ಹೊರುವ ಹೆಂಗಸರು ಬೇರೆ ಕಾರಣ ಹೇಳಿದರು. ಆಟಿಯಲ್ಲಿ ಹೆಂಗಸು ದೀಪ ಹಚ್ಚದ ಮನೆ, ಆಟಿ ಕಳಂಜನ ವೇಷದವನು ಬಂದು ಕುಣಿದು ಮಾರಿ ಓಡಿಸದ ಮನೆ, ಸೋರದೆ ಇನ್ನೇನು ಮಾಡೀತು ಎಂದು. ನನಗೂ ಹೌದೇನೋ ಅನ್ನಿಸಿತು. ದೇವರಿಗೆ ಹರಕೆ ಹೇಳಿಕೊಂಡೆ. ನಮ್ಮವರು ಅದಕ್ಕೂ ಹೂಂ ಎಂದು, ಎಳನೀರು ಒಪ್ಪಿಸೋಣ ಎಂದರು. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಂತೂ ಒಂದು ದಿನ ಅವರು ಕಡಬಕ್ಕೆ ಹೋಗಿದ್ದಾಗ ಬಿಸಿಲು ಬಿದ್ದಿತು. ಬಟ್ಟೆಗೆ ನೀಲಿ ಹಾಕುತ್ತಾ ಕೂತಿದ್ದೆ. ಬಕೆಟಿನೊಳಗಿನ ಬಣ್ಣ ನೋಡುವಾಗ ತಲೆಗೆ ಹೊಳೆಯಿತು. ಮಳೆ ನೀರಿಗೆ ಗುರುತಿಲ್ಲ, ಈ ನೀರಿಗೆ ಗುರುತು ಉಂಟು. ಮಂಚದ ಮೇಲೆ ಬಿಳಿ ಬಟ್ಟೆ ಹಾಸಿದೆ. ನಾನೇ ಏಣಿ ಇಟ್ಟು ಹತ್ತಿ, ಹಿಂದಿನಿಂದ ಶುರು ಮಾಡಿ ಒಂದೊಂದೇ ಜಾಗಕ್ಕೆ ನೀಲಿ ನೀರು ಹೊಯ್ಯುವುದು, ಇಳಿದು ಒಳಗೆ ಬಂದು ನೋಡುವುದು. ಹಿಂದೆ ಏನೂ ಆಗಲಿಲ್ಲ. ನಡುವಿನಲ್ಲೂ ಆಗಲಿಲ್ಲ. ಏಣಿಯನ್ನು ಮುಂದಕ್ಕೆ, ಜಾರುತ್ತದೆ ಎಂದ ಜಾಗಕ್ಕೆ ಒಯ್ದೆ. ಅಲ್ಲಿ ಪಾಚಿಯೂ ಇರಲಿಲ್ಲ, ಏನೂ ಇರಲಿಲ್ಲ. ಒಂದಷ್ಟು ತರಗೆಲೆ ಗುಡ್ಡೆಯಾಗಿ ಬಿದ್ದಿತ್ತು. ಅದರ ಮೇಲೆಯೇ ಹೊಯ್ದು ಇಳಿದು ಬಂದು ನೋಡಿದರೆ, ಬಿಳಿ ಬಟ್ಟೆಯ ಮೇಲೆ ನೀಲಿ ಹನಿ.

ತರಗೆಲೆ ಸರಿಸಿದೆ. ಕಬ್ಬಿಣದ ಬಳೆ ಕೂರಿಸಿದ ಒಂದು ತೂತು ಇತ್ತು. ಹಿಂದೆ ವೈರ್‌ಲೆಸ್ಸಿನ ಕಂಬ ನಿಲ್ಲಿಸುತ್ತಿದ್ದ ಜಾಗ. ಬಳೆಯೊಳಗೆ ಮುಚ್ಚಳ ಬಿಗಿಯುವ ತಿರುಪಿನ ಗೆರೆ ಇತ್ತು. ಮುಚ್ಚಳ ಮಾತ್ರ ಇರಲಿಲ್ಲ. ನೀರು ಅಲ್ಲಿ ಇಳಿದು, ತಗಡಿಗೂ ಪ್ಲೈವುಡ್ಡಿಗೂ ನಡುವೆ ಮರದ ಪಟ್ಟಿ ಹಿಡಿದು ಹರಿದು, ಅಷ್ಟು ದೂರ ಹಿಂದೆ ಬಂದು ಮಂಚದ ಮೇಲೆ ಬೀಳುತ್ತಿತ್ತು. ನಾನು ಟಾರು ಬಳಿದು ಸತ್ತದ್ದೆಲ್ಲ ನೀರು ಕೊನೆಗೆ ಬೀಳುವ ಜಾಗದ ನೆತ್ತಿಗೆ, ಅದು ಇಳಿಯುವ ತೂತಿಗಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದು ಒಬ್ಬಳೇ ನಕ್ಕೆ. ಅವರು ಬರುವುದನ್ನೇ ಕಾಯುತ್ತಾ ಹಾಲು ಪಾಯಸ ಮಾಡಿಟ್ಟೆ.

ಸಂಜೆ ಬಂದವರ ಎದುರು ನೀಲಿಯ ಕಲೆ ಹಿಡಿದು ತೋರಿಸಿದೆ. ಮುಚ್ಚಳ ಎಲ್ಲೋ ದಾರಿಯಲ್ಲಿ ಸಡಿಲಾಗಿ ಬಿದ್ದಿರಬೇಕು, ಮರದ ಬೆಣೆ ಹೊಡೆದರೆ ಆಯಿತು, ಇನ್ನು ನಾನು ಎಲ್ಲಿಗೂ ಹೋಗಬೇಕಾಗಿಲ್ಲ ಎಂದೆ. ಅವರು ಬೂಟಿನ ದಾರ ಬಿಚ್ಚುತ್ತಾ ಇದ್ದರು. ತಲೆ ಎತ್ತಲಿಲ್ಲ.

"ಬೆಣೆ ಬೇಡ," ಎಂದರು. "ಅದರ ಮುಚ್ಚಳ ನನ್ನ ಹತ್ರ ಉಂಟು."

ನನಗೆ ಒಮ್ಮೆಗೇ ಅರ್ಥವಾಗಲಿಲ್ಲ. ಸಿಕ್ಕಿತ್ತಾ ಎಂದು ಕೇಳಿದೆ.

"ನಾನೇ ತೆಗ್ದದ್ದು. ಆಟಿಯಲ್ಲಿ ಅಮ್ಮ ಹೇಳಿ ಕಳ್ಸಿದ್ರು, ಕೆಲಸಕ್ಕೆ ಜನ ಸಾಲುದಿಲ್ಲ, ಸೊಸೆಯನ್ನು ಕಳ್ಸು ಅಂತ. ನೀನು ಇಲ್ಲಿ ಅಷ್ಟು ಖುಷಿಯಲ್ಲಿ ಇದ್ದಿ, ನಿನ್ನತ್ರ ಎಂತ ಹೇಳುದು? ಸೋರಿದ್ರೆ ನೀನೇ ಹೋಗ್ತೇನೆ ಅಂತ ಹೇಳುವಿ ಅಂತ ಗ್ರಹಿಸಿದ್ದೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಹೋಗು ಎಂದಿದ್ದರೆ ಹೋಗುತ್ತಿದ್ದೆ. ಅಳುತ್ತಿದ್ದೆ, ಒಂದು ಹೊತ್ತು ಊಟ ಬಿಡುತ್ತಿದ್ದೆ, ಆದರೆ ಹೋಗುತ್ತಿದ್ದೆ. ನಮ್ಮ ಕಾಲದ ಯಾವ ಹುಡುಗಿ ಇಲ್ಲ ಎಂದಿದ್ದಾಳೆ? ಆ ಒಂದು ಮಾತು ಹೇಳುವ ಕಷ್ಟ ತಪ್ಪಿಸಿಕೊಳ್ಳಲಿಕ್ಕೆ ನನ್ನನ್ನು ಅಷ್ಟು ಸಲ ಏಣಿ ಹತ್ತಿಸಿದರು. ಕೆಳಗೆ ನಿಂತು ಜೋಪಾನ ಎಂದರು. ಅವರಿಗೆ ನನ್ನ ಮೇಲೆ ಸಿಟ್ಟಿದ್ದರೂ ಆಗುತ್ತಿತ್ತು. ಸಿಟ್ಟೂ ಇರಲಿಲ್ಲ.

ನಾನು ಕೈ ಚಾಚಿದೆ. ಆಫೀಸಿನ ಡೇರೆಗೆ ಹೋಗಿ ತಂದುಕೊಟ್ಟರು, ಹಿತ್ತಾಳೆಯದ್ದು, ಒಳಗೆ ಚರ್ಮದ ಬಿಲ್ಲೆ ಸಮೇತ. ಹತ್ತಿ ನಾನೇ ತಿರುಗಿಸಿ ಬಿಗಿದೆ. ಸ್ವಲ್ಪ ಹೊತ್ತಿಗೆ ಜೋರು ಮಳೆ ಬಂತು. ಇಬ್ಬರೂ ಒಳಗೆ ಕೂತು ಮೇಲೆ ನೋಡಿದೆವು. ಒಂದು ಹನಿ ಬೀಳಲಿಲ್ಲ. ನಿಂತಿತಲ್ಲ ಎಂದು ಅವರು ನಿಜವಾಗಿಯೂ ಸಂತೋಷಪಟ್ಟು, ಪಾಯಸ ಎರಡನೇ ಸಲ ಬಡಿಸಿಕೊಂಡರು.

ಪುತ್ತೂರಿನ ಬಸ್ಸು ಎಷ್ಟು ಗಂಟೆಗೆ ಎಂದು ನಾನು ಕೇಳಿದೆ. ಬೆಳಿಗ್ಗೆ ಬೇಗ ಉಂಟು, ಕಂಡಕ್ಟರನ ಹತ್ತಿರ ಮುಂದಿನ ಸೀಟು ಹೇಳಿಟ್ಟಿದ್ದೇನೆ, ಹಿಂದೆ ಕೂತರೆ ನಿನಗೆ ವಾಂತಿ ಬರುತ್ತದಲ್ಲ ಎಂದರು.