ಹೆಸರು ಹೇಳದ ಒಂದು ಮನೆಗಾಗಿ

ಪ್ರಾರ್ಥನೆ ಕೇಳಿ ಯಾರಿಗಾದರೂ ಬಿಪಿ ಏರುವುದುಂಟಾ? ನನಗೆ ಏರಿತು. ಅದೂ ಕೈಯಲ್ಲಿ ಜಪಮಾಲೆ ಇರುವಾಗಲೇ.

ಅಕ್ಟೋಬರ್ ನಮಗೆ ಜಪಮಾಲೆಯ ತಿಂಗಳು. ಕಾಪುವಿನ ನಮ್ಮ ವಾಳೆಯಲ್ಲಿ (ವಾಳೆ ಎಂದರೆ ಇಗರ್ಜಿಯ, ಅಂದರೆ ಚರ್ಚಿನ, ಒಂದು ವಾರ್ಡ್) ಹದಿನೆಂಟು ಮನೆಗಳು. ದಿನಕ್ಕೊಂದು ಮನೆಯಲ್ಲಿ ಸಂಜೆ ಸೇರಿ ಜಪಮಾಲೆ ಹೇಳುತ್ತೇವೆ. ಕೊನೆಗೆ ಒಬ್ಬೊಬ್ಬರೂ ತಮ್ಮ ಕೋರಿಕೆ ಹೇಳುವುದು, ಉಳಿದವರು ಅದಕ್ಕಾಗಿ ಪ್ರಾರ್ಥಿಸುವುದು. ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು, ದುಬೈ ವೀಸಾ. ಆಮೇಲೆ ಚಹಾ, ಗೋಳಿಬಜೆ. (ಗೋಳಿಬಜೆಗಾಗಿಯೇ ಬರುವವರೂ ಇದ್ದಾರೆ. ಅಂಥವರೊಬ್ಬರನ್ನು ನಾನು ಮದುವೆಯಾಗಿದ್ದೇನೆ.)

ಮೊದಲ ವಾರವೇ ಪಕ್ಕದ ಮನೆಯ ಲಿಲ್ಲಿಬಾಯಿ ಕಣ್ಣು ಮುಚ್ಚಿಕೊಂಡು ಹೇಳಿದರು: “ಹೊರಗೆ ಹೇಳ್ಲಿಕ್ಕಾಗದ ಕಷ್ಟದಲ್ಲಿ ಒಂದು ಮನೆ ಉಂಟು. ಹೆಸರು ಬೇಡ. ಆ ಮನೆಗಾಗಿ ಪ್ರಾರ್ಥನೆ ಮಾಡುವ.”

ಹೆಸರು ಬೇಡವಂತೆ! ಹೆಸರು ಹೇಳಿದ್ದರೆ ಒಂದು ಮನೆಗೆ ಮಾತ್ರ ಮುಜುಗರ. ಹೇಳದಿದ್ದರೆ ಹದಿನೆಂಟಕ್ಕೂ. ಎಲ್ಲರೂ ಕಣ್ಣು ಮುಚ್ಚಿದ್ದರು, ಆದರೆ ಎಲ್ಲರೂ ರೆಪ್ಪೆಯ ಸಂದಿಯಿಂದ ಅಕ್ಕಪಕ್ಕ ನೋಡುತ್ತಿದ್ದರು. ಹೇಗೆ ಗೊತ್ತು ಎನ್ನುತ್ತೀರಾ? ನಾನೂ ನೋಡುತ್ತಿದ್ದೆನಲ್ಲ.

ನನಗೆ ಹೆಚ್ಚು ಹುಡುಕಬೇಕಾಗಲಿಲ್ಲ. ಆ ಮನೆ ನಮ್ಮದೇ! ಸೆಕೆಂಡ್‌ಹ್ಯಾಂಡ್ ಕಾರಿನ ವಿಷಯದಲ್ಲಿ ಆ ವಾರ ನನಗೂ ನಮ್ಮವರಿಗೂ ಜೋರು ಜಗಳವಾಗಿ ಮಾತೇ ನಿಂತಿತ್ತು. ಲಿಲ್ಲಿಬಾಯಿಯ ಅಡುಗೆಮನೆಯ ಕಿಟಕಿ ನಮ್ಮ ಅಡುಗೆಮನೆಯ ಕಿಟಕಿಗೆ ನೇರ ಎದುರು. ಇನ್ನು ಸಾಕ್ಷಿ ಬೇರೆ ಬೇಕಾ? ನಮ್ಮಲ್ಲಿ ಚಾಡಿ ಹೇಳುವವರಿಗಿಂತ ಕೋರಿಕೆ ಹೇಳುವವರಿಗೇ ನಾನು ಹೆಚ್ಚು ಹೆದರುವುದು. ಚಾಡಿಗೆ ಎದುರು ಮಾತಾಡಬಹುದು, ಪ್ರಾರ್ಥನೆಗೆ ಆಮೆನ್ ಅನ್ನಲೇಬೇಕು.

ಇಪ್ಪತ್ತು ವರ್ಷ ಆ ಎರಡು ಕಿಟಕಿಗಳ ನಡುವೆ ಕರಿಬೇವು, ಬಂಗುಡೆ ಸಾರು, ಮಕ್ಕಳ ಜ್ವರದ ಔಷಧಿ ಓಡಾಡಿವೆ. ಮರುದಿನವೇ ನನ್ನ ಕಿಟಕಿಗೆ ಕರ್ಟನ್ ಬಿತ್ತು.

ಭಾನುವಾರ ಇಗರ್ಜಿಯಲ್ಲಿ ಫಾದರ್ ಪ್ರವಚನ ಮಾಡಿದ್ದು ಆಲೋಚನೆಗಳ ಬಗ್ಗೆ. ನಾಲಿಗೆ ಕಚ್ಚಿಕೊಂಡು ಕೂತರೆ ಸಾಲದು, ಮನಸ್ಸಿನೊಳಗೆ ಯಾರನ್ನು ಕೂರಿಸಿ ಉಪಚಾರ ಮಾಡುತ್ತಿದ್ದೀರಿ ಎಂದೂ ನೋಡಿಕೊಳ್ಳಿ ಎಂದರು. ಇನ್ನೊಬ್ಬರ ಬಗ್ಗೆ ಒಂದು ಯೋಚನೆ ಬಂದಾಗ, ಇದು ನಾನು ಕಂಡದ್ದೋ ಅಥವಾ ನಾನೇ ಕಟ್ಟಿದ್ದೋ ಎಂದು ಕೇಳಿಕೊಳ್ಳಬೇಕಂತೆ. ಎಷ್ಟು ಒಳ್ಳೆಯ ಮಾತು! ಲಿಲ್ಲಿಬಾಯಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ನಾನು ಎರಡು ಸಲ ಹಿಂತಿರುಗಿ ನೋಡಿದೆ.

ಆ ವಾರ ಕಟಪಾಡಿ ಜಂಕ್ಷನ್‌ನಲ್ಲಿ ಅವರು ಸಿಕ್ಕಿದರು. ಇಸ್ತ್ರಿ ಮಾಡಿದ ಸೀರೆ, ಕಂಕುಳಲ್ಲಿ ದೊಡ್ಡ ಬ್ಯಾಗ್. ಎಲ್ಲಿಗೆ ಎಂದರೆ ಕಾರ್ಕಳಕ್ಕೆ, ಅಕ್ಕನ ಮನೆಗೆ ಎಂದರು. ಹತ್ತಿದ್ದು ಮಾತ್ರ ಉಡುಪಿ ಬಸ್ಸು. ಶಿರ್ವದ ಮೇಲಾಗಿ ಹೋಗುವ ಹತ್ತಿರದ ದಾರಿ ಬಿಟ್ಟು ಉಡುಪಿ ಸುತ್ತಿ ಯಾರಾದರೂ ಕಾರ್ಕಳಕ್ಕೆ ಹೋಗುತ್ತಾರಾ? ನನ್ನ ಮುಖ ನೋಡಲಾಗದೆ ಸಿಕ್ಕಿದ ಬಸ್ಸು ಹತ್ತಿದ್ದಾರೆ ಎಂದು ನಾನು ಷರಾ ಬರೆದೆ. ಎರಡು ಸಲ ಅವರ ಫೋನ್ ಬಂತು. ಇನ್ನಷ್ಟು ಸುದ್ದಿ ಬೇಕಾಗಿರಬೇಕು ಎಂದು ಎತ್ತಲಿಲ್ಲ.

ಇಷ್ಟರಲ್ಲಿ ನಮ್ಮ ಮನೆಯ ಸರದಿ ಬಂತು. ನನ್ನದೇ ಹಾಲ್‌ನಲ್ಲಿ, ನನ್ನದೇ ಚಾಪೆಯಲ್ಲಿ ಕೂತು, ಲಿಲ್ಲಿಬಾಯಿ ಮತ್ತೆ ಅದೇ ಕೋರಿಕೆ ಹೇಳಿದರು. ಎಷ್ಟು ಧೈರ್ಯ! ನಾನು ಹಲ್ಲು ಕಚ್ಚಿಕೊಂಡೇ ಆಮೆನ್ ಅಂದೆ. ಪಕ್ಕದಲ್ಲೇ ಕೂತಿದ್ದ ಅವರ ಗಂಡ ಅಲೆಕ್ಸ್‌ಬಾಬ್ ಮಾತ್ರ ಭಕ್ತಿಯಿಂದ ಆಮೆನ್ ಎಂದರು.

ಮರುದಿನ ಬೆಳಿಗ್ಗೆ ಇದ್ದದ್ದನ್ನು ಮುಖಕ್ಕೆ ಹೇಳಿಯೇ ಬರುತ್ತೇನೆ ಎಂದು ಹೋದೆ. ನಮ್ಮ ಮನೆ ವಿಷಯ ನಿಮಗೆ ಎಂತಕ್ಕೆ ಎಂಬ ವಾಕ್ಯ ಬಾಯಿಯ ತುದಿಯಲ್ಲಿತ್ತು. ಅವರು ನನ್ನನ್ನು ಕಂಡದ್ದೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಲೆಕ್ಸ್ ಮೀನಿಗೆ ಹೋಗಿದ್ದಾರೆ, ಒಳ್ಳೆಯ ಹೊತ್ತಿಗೆ ಬಂದೆ ಎಂದರು. ಅಡುಗೆಮನೆಯ ಮೇಜಿನ ಮೇಲೆ ಆಸ್ಪತ್ರೆಯ ಫೈಲ್ ಇತ್ತು.

ಎದೆಯಲ್ಲಿ ಗಡ್ಡೆ. ಉಡುಪಿ ಬಸ್ಸು ಹತ್ತಿ ಮಣಿಪಾಲದ ಆಸ್ಪತ್ರೆಗೆ ಮೂರು ಸಲ ಒಬ್ಬರೇ ಹೋಗಿ ಬಂದಿದ್ದಾರೆ. ಗಂಡನಿಗೆ ಹೋದ ವರ್ಷವಷ್ಟೇ ಹಾರ್ಟ್‌ಗೆ ಸ್ಟೆಂಟ್ ಹಾಕಿದ್ದು, ರಿಪೋರ್ಟ್ ಬರುವವರೆಗೆ ಅವರಿಗೆ ತಿಳಿಯುವುದು ಬೇಡ ಎಂದು ಮುಚ್ಚಿಟ್ಟಿದ್ದರು. ಅವರು ಪಕ್ಕದಲ್ಲೇ ಕೂತಿರುವಾಗ ಹೆಸರು ಹೇಳುವುದು ಹೇಗೆ? ರಿಪೋರ್ಟ್ ಈಗ ಬಂದಿದೆ. ಮುಂದಿನ ಮಂಗಳವಾರ ಆಪರೇಶನ್.

“ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ ಆಗಿತ್ತು ಮಾರಾಯ್ತಿ,” ಎಂದರು. “ಒಟ್ಟಿಗೆ ಬರ್ತೀಯಾ ಕೇಳುವ ಅಂತ ನಿನಗೆ ಫೋನ್ ಮಾಡಿದ್ದೆ. ನಿನಗೂ ಕೆಲಸ ಇರ್ತದೆ ಅಲ್ವಾ.”

ನನಗೆ ಎಂಥ ಕೆಲಸವಿತ್ತು? ಕರ್ಟನ್ ಸಂದಿಯಿಂದ ಇಣುಕುವ ಕೆಲಸ. ಮಂಗಳವಾರ ನಾನೇ ಜೊತೆಗೆ ಬರುತ್ತೇನೆ, ಅಲೆಕ್ಸ್‌ಬಾಬ್‌ಗೆ ಹೇಳುವಾಗಲೂ ಇರುತ್ತೇನೆ ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೇ ಅಳು ಬಂತು.

ಲಿಲ್ಲಿಬಾಯಿ ನನ್ನ ಬೆನ್ನು ಸವರಿದರು. “ಅಳಬೇಡ. ನೀವೆಲ್ಲ ದಿನಾ ನನಗಾಗಿ ಪ್ರಾರ್ಥನೆ ಮಾಡಿದ್ದೀರಲ್ಲ, ಅದರಿಂದಲೇ ಇಷ್ಟಾದರೂ ಧೈರ್ಯ ಬಂದದ್ದು. ನೀನೂ ಮಾಡಿದ್ದೀ ಅಲ್ವಾ?”

ನಾನು ಹೌದೆಂದು ತಲೆಯಾಡಿಸಿದೆ.

ಈಗ ಹೇಳಿ, ಇದರ ಪಾಪನಿವೇದನೆಯನ್ನು ಮೊದಲು ಎಲ್ಲಿ ಮಾಡಲಿ? ಫಾದರ್ ಮುಂದೆಯೋ, ಮಂಗಳವಾರಕ್ಕೆ ಮುಂಚೆ ಲಿಲ್ಲಿಬಾಯಿಯ ಮುಂದೆಯೋ?